ಹೆಣ್ಣುಮಗಳ ಪಾಲು, ಹೆಣ್ಣುಮಗಳ ಸಹಿ



ನ್ಯಾಮತಿ ಸೀಮೆಯ ನಮ್ಮ ಭಕ್ತರ ಮನೆಯೊಂದರ ಹೆಣ್ಣುಮಗಳು ದಾವಣಗೆರೆಯಲ್ಲಿ ಕಾನೂನು ವ್ಯಾಸಂಗದಲ್ಲಿ ನಿರತಳಾಗಿದ್ದಾಳೆ. ರಜೆಯ ದಿನಗಳಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕುಳಿತು ಕಡತಗಳನ್ನು ಓದುವುದು ಅವಳ ಪರಿಪಾಠ. ಅಲ್ಲಿಗೆ ಬರುವವರ ಹೆಸರು-ಊರುಗಳನ್ನು ಬಿಟ್ಟು, ಅವರು ಕೇಳುವ ಪ್ರಶ್ನೆಗಳನ್ನಷ್ಟೇ ಟಿಪ್ಪಣಿ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡಿದ್ದಾಳೆ. "ತಾವು ಧರ್ಮಶಾಸ್ತ್ರ ಓದಿದವರು, ನಾನು ಕಾಯಿದೆ ಓದುತ್ತಿರುವವಳು, ಇವಕ್ಕೆ ನಿಮ್ಮ ಪತ್ರಿಕೆಯಲ್ಲಿ ಉತ್ತರ ಬರೆಯಬಾರದೇ?" ಎಂದು ಆ ಪುಸ್ತಕವನ್ನು ನಮಗೆ ಕೊಟ್ಟು ಹೋದಳು. ಈ ತಿಂಗಳ ಅಂಕಣವು ಆ ಪುಸ್ತಕದಿಂದಲೇ ಹುಟ್ಟಿದ್ದು.

ಪುಸ್ತಕದಲ್ಲಿ ನಾನಾ ಬಗೆಯ ವಿಷಯಗಳಿವೆ. ೧ ಜುಲೈ ೨೦೨೪ರಿಂದ ಭಾರತೀಯ ದಂಡ ಸಂಹಿತೆಯು ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದುದರಿಂದ, ಕಲಮುಗಳ ಸಂಖ್ಯೆಯನ್ನೆಲ್ಲ ಮತ್ತೊಮ್ಮೆ ಬಾಯಿಪಾಠ ಮಾಡಬೇಕಾಗಿದೆಯೆಂಬ ಅವಳ ಗೋಳೂ ಅಲ್ಲಿದೆ. ಜನರ ನಾಲಗೆಯ ಮೇಲೆ ಗಾದೆಯಂತೆ ನಿಂತಿದ್ದ 'ನಾನೂರ ಇಪ್ಪತ್ತು' ಈಗ ೩೧೮ನೆಯ ಕಲಮಿನೊಳಗೆ ಸೇರಿಹೋಗಿದೆ! ಚೆಕ್ಕಿನ ವ್ಯಾಜ್ಯ, ಬಾಡಿಗೆಯ ಜಗಳ, ಬದುವಿನ ತಕರಾರು ಎಲ್ಲವೂ ಅಲ್ಲಿವೆ. ಆದರೆ ಅರ್ಧಕ್ಕಿಂತ ಹೆಚ್ಚಿನ ಪುಟಗಳನ್ನು ತುಂಬಿರುವುದು ಒಂದೇ ವಿಷಯ: ತವರಿನ ಆಸ್ತಿಯಲ್ಲಿ ಹೆಣ್ಣುಮಗಳ ಪಾಲು, ಮತ್ತು ಆ ಪಾಲನ್ನು ಬಿಟ್ಟುಕೊಟ್ಟೆನೆಂದು ಆಕೆ ಹಾಕುವ ಸಹಿ.

ನಮ್ಮ ಸೀಮೆಯಲ್ಲಿ ಇದು ಇಷ್ಟೊಂದು ಪ್ರಬಲವಾಗಿರುವುದಕ್ಕೆ ಕಾರಣ ಊಹಿಸಲು ಕಷ್ಟವಿಲ್ಲ. ಚನ್ನಗಿರಿಯಲ್ಲಿ ಒಂದು ಕಾಲಕ್ಕೆ ಭತ್ತ-ರಾಗಿ ಬೆಳೆಯುತ್ತಿದ್ದ ನೆಲವು ಇಂದು ಅಡಿಕೆ ತೋಟವಾಗಿದೆ. ಅಡಿಕೆಯ ಧಾರಣೆ ಏರಿದಂತೆಲ್ಲ ಅಕ್ಕತಂಗಿಯರ ಸಹಿಯ ಬೆಲೆಯೂ ಏರಿದೆ. ಹೊನ್ನಾಳಿ-ನ್ಯಾಮತಿಗಳಲ್ಲಿ ತುಂಗಭದ್ರೆಯ ದಂಡೆ, ಭದ್ರಾ ನಾಲೆಯ ನೀರು, ರಸ್ತೆಯ ಬದಿಗೆ ನಿವೇಶನಗಳಾಗುತ್ತಿರುವ ಹೊಲಗಳು. ಜಗಳೂರು ಮಾತ್ರ ಬರದ ನಾಡು; ಅಲ್ಲಿ ಹತ್ತು ಎಕರೆಯ ಒಡೆಯನೂ ಮುಗಿಲು ನೋಡಿ ಬದುಕುವವನು. ಆದರೂ ಕೆರೆಗಳಿಗೆ ನೀರು ಬರುವ ಮಾತು ಕೇಳಿದೊಡನೆ ಆ ಎರೆಹೊಲಗಳಿಗೂ ಪಾಲುಗಾರರು ಎಚ್ಚೆತ್ತಿದ್ದಾರೆ. ನೆಲಕ್ಕೆ ಬೆಲೆಯಿಲ್ಲದಾಗ ಯಾರೂ ಕೇಳದಿದ್ದ ಪ್ರಶ್ನೆಯನ್ನು ಬೆಲೆ ಬಂದ ಮೇಲೆ ಎಲ್ಲರೂ ಕೇಳುತ್ತಾರೆ.

ಮೊದಲಿಗೆ ಒಂದು ಸಂದೇಹವನ್ನು ನಿವಾರಿಸಿಬಿಡೋಣ. "ನಾವು ಲಿಂಗಾಯತರು, ನಮಗೆ ಹಿಂದೂ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆಯೇ?" ಎಂದು ಚನ್ನಗಿರಿಯ ಕಡೆಯ ಗೃಹಸ್ಥರೊಬ್ಬರು ಕೇಳಿದ್ದಾರಂತೆ. ಧರ್ಮದ ಸ್ವತಂತ್ರ ಮಾನ್ಯತೆಯ ಚರ್ಚೆ ಬೇರೆ. ಅದು ಈ ಅಂಕಣದ ವಿಷಯವಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತನ್ನ ೨ನೆಯ ಕಲಮಿನಲ್ಲಿಯೇ 'ವೀರಶೈವ', 'ಲಿಂಗಾಯತ' ಎಂಬ ಎರಡೂ ಹೆಸರುಗಳನ್ನು ಎತ್ತಿ ಹೇಳಿ, ಅವರಿಗೆ ತಾನು ಅನ್ವಯಿಸುತ್ತೇನೆಂದು ಸಾರಿದೆ. ಆದುದರಿಂದ ಆಸ್ತಿಯ ಮಟ್ಟಿಗೆ ಈ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ.

ಇನ್ನು ಹಕ್ಕಿನ ಮೂಲಕ್ಕೆ ಬರೋಣ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬ ತತ್ತ್ವವು ಎಲ್ಲಿಂದಲೋ ಬಂದುದಲ್ಲ. ನಮ್ಮ ಕನ್ನಡ ನೆಲದಲ್ಲಿಯೇ ಶಾಸ್ತ್ರರೂಪ ತಳೆದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ೧೧ನೆಯ ಶತಮಾನದ ಕೊನೆ, ೧೨ನೆಯ ಶತಮಾನದ ಆದಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಬಂಗಾಳದ ಕಡೆ ನಡೆಯುತ್ತಿದ್ದ ದಾಯಭಾಗ ಪದ್ಧತಿಯಲ್ಲಿ ತಂದೆ ತೀರಿದ ಮೇಲೆಯೇ ಮಕ್ಕಳಿಗೆ ಹಕ್ಕು. ಮಿತಾಕ್ಷರಾ ಪದ್ಧತಿಯಲ್ಲಿ ಹುಟ್ಟಿದ ಗಳಿಗೆಯಿಂದಲೇ ಹಕ್ಕು. ಶರಣರು ಅನುಭಾವದ ಬೆಳಕು ಹಚ್ಚುವುದಕ್ಕೆ ಕೆಲವು ದಶಕಗಳ ಮುಂಚೆ ಅದೇ ಕಲ್ಯಾಣದಲ್ಲಿ ಈ ಗ್ರಂಥ ಹುಟ್ಟಿತೆಂಬುದು ನೆನೆಯತಕ್ಕ ಸಂಗತಿ.

ವಿಜ್ಞಾನೇಶ್ವರನು ಹೆಣ್ಣುಮಕ್ಕಳ ವಿಷಯದಲ್ಲಿ ಹೇಳಿದ ಎರಡು ಮಾತುಗಳನ್ನು ಜನ ಮರೆತಿದ್ದಾರೆ. ಅವಿವಾಹಿತೆಯಾದ ಸೋದರಿಗೆ ಸೋದರರು ಕಾಲು ಪಾಲು ಕೊಡಬೇಕೆಂದು ಸ್ಮೃತಿಯಲ್ಲಿದೆ. ಇದಕ್ಕೆ, "ಮದುವೆಗೆ ಸಾಕಾಗುವಷ್ಟು ಹಣ ಕೊಟ್ಟರೆ ಸಾಕು" ಎಂದು ಅರ್ಥ ಹೇಳುವ ಪಂಡಿತರು ಅಂದೂ ಇದ್ದರು. ವಿಜ್ಞಾನೇಶ್ವರನು ಆ ಅರ್ಥವನ್ನು ಒಪ್ಪಲಿಲ್ಲ. ಅದು ಮದುವೆಯ ಖರ್ಚಲ್ಲ, ಆಸ್ತಿಯಲ್ಲಿನ ಅಂಶವೇ ಸರಿ ಎಂದು ವಾದಿಸಿದನು. ಎರಡನೆಯದು ಸ್ತ್ರೀಧನದ ವಿಚಾರ. ಒಡವೆ-ವಸ್ತ್ರಗಳಷ್ಟೇ ಅಲ್ಲದೆ, ಉತ್ತರಾಧಿಕಾರದಿಂದ, ಕ್ರಯದಿಂದ, ವಿಭಾಗದಿಂದ ಹೆಣ್ಣಿಗೆ ಬಂದುದೆಲ್ಲವೂ ಸ್ತ್ರೀಧನವೇ ಎಂದು ಅವನ ಮತ. ಬ್ರಿಟಿಷರ ಕಾಲದಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲಿನ ನ್ಯಾಯಾಧೀಶರು ಈ ವಿಶಾಲಾರ್ಥವನ್ನು ಮೊಟಕುಗೊಳಿಸಿದರು. ಉತ್ತರಾಧಿಕಾರದಿಂದ ಬಂದ ಆಸ್ತಿಯನ್ನು ಹೆಣ್ಣು ಜೀವಿತಾವಧಿಗೆ ಅನುಭವಿಸಬಹುದೇ ಹೊರತು ಪೂರ್ಣ ಒಡತಿಯಲ್ಲವೆಂಬ ಸ್ಥಿತಿ ಬಹುಮಟ್ಟಿಗೆ ಬೇರೂರಿತು. ೧೯೫೬ರ ಕಾಯಿದೆಯ ೧೪ನೆಯ ಕಲಮು ಬಂದು ಆಕೆಯನ್ನು ಪೂರ್ಣ ಒಡತಿಯನ್ನಾಗಿ ಮಾಡುವವರೆಗೆ ಅದು ಹಾಗೆಯೇ ನಡೆಯಿತು. "ಹೆಣ್ಣಿಗೆ ಆಸ್ತಿ ಕೊಡುವುದು ನಮ್ಮ ಸಂಪ್ರದಾಯದಲ್ಲಿಲ್ಲ" ಎಂದು ಕಟ್ಟೆಯ ಮೇಲೆ ಕುಳಿತು ಹೇಳುವ ಹಿರಿಯರು, ಯಾವ ಸಂಪ್ರದಾಯ, ಕಲ್ಯಾಣದ್ದೋ ಲಂಡನ್ನಿನದೋ ಎಂಬುದನ್ನು ಸ್ವಲ್ಪ ವಿಚಾರಿಸಿದರೆ ಒಳಿತು.

ನಮ್ಮ ಈ ತಾಲ್ಲೂಕುಗಳೆಲ್ಲ ಹಿಂದೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ೧೫ ಆಗಸ್ಟ್ ೧೯೯೭ರಂದು ದಾವಣಗೆರೆ ಜಿಲ್ಲೆ ಆಗುವ ತನಕ ಚನ್ನಗಿರಿ-ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುದು, ನ್ಯಾಮತಿಯು ಇತ್ತೀಚಿನವರೆಗೂ ಹೊನ್ನಾಳಿಯ ಭಾಗವಾಗಿದ್ದುದು ಹಿರಿಯರಿಗೆಲ್ಲ ನೆನಪಿದೆ. ಆ ಮೈಸೂರು ಸಂಸ್ಥಾನದಲ್ಲಿ ೧೯೩೩ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯೊಂದು ಜಾರಿಗೆ ಬಂದು, ವಿಭಾಗದ ಸಮಯದಲ್ಲಿ ಅವಿವಾಹಿತ ಹೆಣ್ಣುಮಗಳಿಗೆ ಸೋದರನ ಪಾಲಿನ ನಾಲ್ಕನೆಯ ಒಂದಂಶವನ್ನು ಕೊಡಿಸಿತ್ತು. ಸ್ಮೃತಿಯ ಕಾಲು ಪಾಲೇ ಕಾಯಿದೆಯ ರೂಪದಲ್ಲಿ ಮರಳಿ ಬಂದಿತ್ತೆನ್ನಬಹುದು.

೧೯೫೬ರ ಕಾಯಿದೆಯು ಅದಕ್ಕಿಂತ ಮುಂದೆ ಹೋಯಿತು, ಆದರೆ ಅರ್ಧ ದಾರಿಗೆ ನಿಂತಿತು. ಇದನ್ನು ಲೆಕ್ಕದಲ್ಲಿ ತೋರಿಸಿದರೆ ಮನೆಮಂದಿಗೆ ಸುಲಭ. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು. ತಾಯಿ ಮೊದಲೇ ಲಿಂಗೈಕ್ಯಳಾಗಿದ್ದಾಳೆ. ಅವಿಭಕ್ತ ಕುಟುಂಬದ ಹೊಲ ೧೨ ಎಕರೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ, ಹಳೆಯ ನಿಯಮದಂತೆ ಮೊದಲು ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಕಾಲ್ಪನಿಕ ವಿಭಾಗ: ತಲಾ ೪ ಎಕರೆ. ಅನಂತರ ತಂದೆಯ ಆ ೪ ಎಕರೆಯನ್ನಷ್ಟೇ ಮೂವರು ಮಕ್ಕಳಿಗೆ ಸಮನಾಗಿ ಹಂಚಬೇಕು. ಫಲವಾಗಿ ಗಂಡುಮಕ್ಕಳಿಗೆ ತಲಾ ೫ ಎಕರೆ ೧೩ ಗುಂಟೆ, ಹೆಣ್ಣುಮಗಳಿಗೆ ೧ ಎಕರೆ ೧೩ ಗುಂಟೆ. ಒಂದೇ ಗರ್ಭದಲ್ಲಿ ಹುಟ್ಟಿದವರಿಗೆ ನಾಲ್ಕು ಪಟ್ಟು ಅಂತರ! ಇಂದಿನ ನಿಯಮದಂತೆ ಮೂವರಿಗೂ ಸರಿಯಾಗಿ ೪ ಎಕರೆ.

ಈ ಬದಲಾವಣೆಯಲ್ಲಿ ಕರ್ನಾಟಕವು ಕೇಂದ್ರಕ್ಕಿಂತ ಮುಂದಿತ್ತು. ಆಂಧ್ರಪ್ರದೇಶ, ತಮಿಳುನಾಡುಗಳ ಬೆನ್ನಲ್ಲಿಯೇ ನಮ್ಮ ವಿಧಾನಮಂಡಲವೂ ೧೯೯೦ರಲ್ಲಿ ತಿದ್ದುಪಡಿಯನ್ನು ರೂಪಿಸಿತು. ಅದು ಜಾರಿಗೆ ಬಂದುದು ೩೦ ಜುಲೈ ೧೯೯೪ರಂದು. ಮಗಳೂ ಹುಟ್ಟಿನಿಂದಲೇ ಸಹದಾಯಾದಿ ಎಂದು ಅದು ಹೇಳಿತು. ಆದರೆ ಅಂದಿಗಾಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ನಮ್ಮ ಮನೆಗಳಲ್ಲಿ ಈಗಲೂ "ತೊಂಬತ್ತನಾಲ್ಕಕ್ಕೆ ಮೊದಲು ಮದುವೆಯಾದವಳಿಗೆ ಹಕ್ಕಿಲ್ಲ" ಎಂಬ ಮಾತು ಕೇಳಿಬರುವುದು ಅಲ್ಲಿಂದ. ಆ ಮಾತಿಗೆ ಈಗ ಆಧಾರವಿಲ್ಲ. ೯ ಸೆಪ್ಟೆಂಬರ್ ೨೦೦೫ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ವಿವಾಹಿತೆ-ಅವಿವಾಹಿತೆ ಎಂಬ ಭೇದವನ್ನು ಇಟ್ಟುಕೊಳ್ಳಲಿಲ್ಲ. ಹೊನ್ನಾಳಿಯ ಕಡತದಲ್ಲಿ ೧೯೮೫ರಲ್ಲಿ ಮದುವೆಯಾದ ತಾಯಿಯೊಬ್ಬಳ ಪ್ರಶ್ನೆಯೂ ಇದೇ; ಮದುವೆಯ ಇಸವಿಯ ಕಾರಣದಿಂದ ಆಕೆಯ ಹಕ್ಕು ಹೋಗಿಲ್ಲವೆಂಬುದೇ ಉತ್ತರ.

೨೦೦೫ರ ಅನಂತರವೂ ಹದಿನೈದು ವರ್ಷ ಒಂದು ತೊಡಕು ಉಳಿಯಿತು. ಆ ದಿನಕ್ಕೆ ತಂದೆ ಬದುಕಿರಬೇಕೇ, ಬೇಡವೇ? ಇದನ್ನು ಬಗೆಹರಿಸಿದ ಮೊಕದ್ದಮೆಗಳಲ್ಲಿ ಎರಡು ನಮ್ಮ ಕರ್ನಾಟಕದ ಮನೆಗಳಿಂದಲೇ ಹೋದವು. ಬೆಳಗಾವಿಯ ನ್ಯಾಯಾಲಯದಲ್ಲಿ ಮೊದಲಾದ 'ಪ್ರಕಾಶ್ ವಿರುದ್ಧ ಫುಲವತಿ' ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೫ರಲ್ಲಿ, ತಂದೆ ಬದುಕಿರಬೇಕೆಂದಿತು. 'ದಾನಮ್ಮ ವಿರುದ್ಧ ಅಮರ್' ಪ್ರಕರಣದಲ್ಲಿ ತಂದೆ ತೀರಿಕೊಂಡದ್ದು ೨೦೦೧ರಲ್ಲಿಯೇ ಆಗಿದ್ದರೂ, ೨೦೧೮ರ ತೀರ್ಪಿನಲ್ಲಿ ಅದೇ ನ್ಯಾಯಾಲಯವು ಇಬ್ಬರು ಹೆಣ್ಣುಮಕ್ಕಳಿಗೂ ಐದನೆಯ ಒಂದು ಪಾಲನ್ನು ಕೊಡಿಸಿತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದ ತೀರ್ಪುಗಳು. ಕೆಳ ನ್ಯಾಯಾಲಯಗಳು ಯಾವುದನ್ನು ಅನುಸರಿಸಬೇಕು? ಕೊನೆಗೆ ೧೧ ಆಗಸ್ಟ್ ೨೦೨೦ರಂದು 'ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ' ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಮಗಳ ಹಕ್ಕು ಅವಳ ಹುಟ್ಟಿನಿಂದ ಬಂದುದು, ತಂದೆ ಆ ದಿನ ಬದುಕಿದ್ದನೇ ಇಲ್ಲವೇ ಎಂಬುದು ಅಪ್ರಸ್ತುತ ಎಂದು ನಿರ್ಣಯಿಸಿತು. ಆ ಪೀಠದಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು.

ಹಾಗೆಂದು ಹಳೆಯದೆಲ್ಲವೂ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ೨೦ ಡಿಸೆಂಬರ್ ೨೦೦೪ಕ್ಕೆ ಮೊದಲು ನ್ಯಾಯವಾಗಿ ಆಗಿಹೋದ ವಿಭಾಗಗಳು, ಕ್ರಯಗಳು ಹಾಗೆಯೇ ಉಳಿಯುತ್ತವೆ. ಜಗಳೂರಿನ ಕಡೆಯ ಪ್ರಶ್ನೆಯೊಂದು ಇಲ್ಲಿ ಬರುತ್ತದೆ. ೧೯೯೮ರಲ್ಲಿ ಊರ ಹಿರಿಯರು ಕುಳಿತು ಬಾಯಿಮಾತಿನಲ್ಲಿ ಪಾಲು ಮಾಡಿ, ಬಿಳಿ ಹಾಳೆಯ ಮೇಲೆ ಪಾಲುಪಟ್ಟಿ ಬರೆದಿದ್ದಾರೆ. ಅದು ಊರ್ಜಿತವೇ? ಕಾಯಿದೆಯು ನೋಂದಾಯಿತ ವಿಭಾಗ ಪತ್ರ ಅಥವಾ ನ್ಯಾಯಾಲಯದ ಡಿಕ್ರಿ ಇವೆರಡನ್ನೇ ವಿಭಾಗವೆಂದು ಗುರುತಿಸುತ್ತದೆ. ಬಾಯಿಮಾತಿನ ಪಾಲನ್ನು ಅಪವಾದವಾಗಿ ಮಾತ್ರ ಒಪ್ಪಬಹುದು. ಅದಕ್ಕೆ ಸಾರ್ವಜನಿಕ ದಾಖಲೆಗಳ ಬೆಂಬಲ ಬೇಕು ಎಂದು ೨೦೨೦ರ ತೀರ್ಪು ಹೇಳಿದೆ. ಅಂದೇ ಸೋದರರ ಹೆಸರಿಗೆ ಬೇರೆ ಬೇರೆ ಖಾತೆಗಳಾಗಿ, ಪಹಣಿಯಲ್ಲಿ ಪ್ರತ್ಯೇಕ ಅನುಭವ ದಾಖಲಾಗಿದ್ದರೆ ಒಂದು ಮಾತು. ಹೆಣ್ಣುಮಗಳು ಪಾಲು ಕೇಳಿದ ಮೇಲೆ ಪೆಟ್ಟಿಗೆಯಿಂದ ಹೊರಬಂದ ಹಳದಿಗಟ್ಟಿದ ಹಾಳೆಯಾದರೆ ಇನ್ನೊಂದು ಮಾತು. ನ್ಯಾಯಾಧೀಶರು ಕಾಗದದ ಬಣ್ಣಕ್ಕಿಂತ ಅದರ ಹುಟ್ಟನ್ನು ನೋಡುತ್ತಾರೆ.

ತಂದೆಯು ತನ್ನ ದುಡಿಮೆಯಿಂದ ಕೊಂಡ ಸ್ವಯಾರ್ಜಿತದಲ್ಲಿ ಮಗನಿಗೂ ಹುಟ್ಟಿನಿಂದ ಹಕ್ಕಿಲ್ಲ, ಮಗಳಿಗೂ ಇಲ್ಲ. ಆತನು ಅದನ್ನು ಯಾರಿಗಾದರೂ ಬರೆಯಬಹುದು. ಬರೆಯದೆ ತೀರಿದರೆ ಹೆಂಡತಿ, ಮಕ್ಕಳು, ಬದುಕಿದ್ದರೆ ಆತನ ತಾಯಿ, ಎಲ್ಲರಿಗೂ ಸಮಪಾಲು. ಇದು ೧೯೫೬ರಿಂದಲೂ ಇರುವ ನಿಯಮ.

ಈಗ ಸಹಿಯ ವಿಷಯ. ಕಾಯಿದೆ ಕೊಟ್ಟುದನ್ನು ಕಾಯಿದೆಯೇ ಕಸಿದುಕೊಳ್ಳಲಾರದು; ಆದರೆ ಹೆಣ್ಣುಮಗಳ ಸಹಿ ಕಸಿದುಕೊಳ್ಳಬಲ್ಲದು. ಟಿಪ್ಪಣಿ ಪುಸ್ತಕದ ಅತ್ಯಂತ ದುಃಖಕರ ಪುಟಗಳು ಇವೇ. "ಅಪ್ಪನ ಪೌತಿ ಖಾತೆಗೆಂದು ಕರೆದೊಯ್ದರು, ಹಕ್ಕು ಬಿಡುಗಡೆ ಪತ್ರವೆಂದು ಆಮೇಲೆ ತಿಳಿಯಿತು" ಎಂದು ಒಬ್ಬಳು. "ಸಹಕಾರ ಸಂಘದ ಸಾಲಕ್ಕೆ ಎಲ್ಲರ ಸಹಿ ಬೇಕೆಂದರು" ಎಂದು ಇನ್ನೊಬ್ಬಳು. ಮೂರನೆಯವಳದು ಮೋಸದ ಕಥೆಯೂ ಅಲ್ಲ. ಆಕೆಗೆ ಎಲ್ಲವೂ ಗೊತ್ತಿತ್ತು. "ಸಹಿ ಹಾಕದಿದ್ದರೆ ಪಂಚಮಿಗೆ ಕರೆಯಲು ಯಾರು ಬರುತ್ತಾರೆ?" ಎಂದಳಂತೆ. ವಿದ್ಯಾರ್ಥಿನಿಯು ಆ ವಾಕ್ಯದ ಕೆಳಗೆ ಎರಡು ಗೆರೆ ಎಳೆದು, "ಇದಕ್ಕೆ ಯಾವ ಕಲಮು?" ಎಂದು ಬರೆದಿದ್ದಾಳೆ.

ನಿಜಕ್ಕೂ ಇದಕ್ಕೆ ಕಲಮಿಲ್ಲ. ನಮ್ಮ ಮನೆಗಳಲ್ಲಿ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಮಗಳು ಅಜ್ಜಿಯಾದರೂ ಶ್ರಾವಣದಲ್ಲಿ ಅಣ್ಣನೋ ತಮ್ಮನೋ ಬಂದಾನೆಂದು ದಾರಿ ನೋಡುತ್ತಾಳೆ. ಅವನು ತರುವ ಉಂಡಿ, ಕುಬಸದ ಖಣಗಳ ಬೆಲೆ ಏನೂ ಅಲ್ಲ. ಗಂಡನ ಮನೆಯವರೆದುರು ತನಗೂ ಹಿಂದೆ ಒಂದು ಮನೆಯಿದೆಯೆಂಬ ಧೈರ್ಯವೇ ಅದರ ಬೆಲೆ. ಆ ಧೈರ್ಯವನ್ನು ಒತ್ತೆಯಿಟ್ಟುಕೊಂಡು ನಾಲ್ಕು ಎಕರೆಯ ಸಹಿ ಪಡೆಯುವುದು ಸೋದರಧರ್ಮವೇ? ಬಾಯಿಬಿಟ್ಟು ಹೆದರಿಸಬೇಕಾಗಿಲ್ಲ, ಎರಡು ವರ್ಷ ಕರೆಯಲು ಹೋಗದಿದ್ದರೆ ಸಾಕು, ಸಹಿ ತಾನಾಗಿ ಬರುತ್ತದೆ. ಕಾಯಕದ ಮಹಿಮೆಯನ್ನು ಭಾಷಣದಲ್ಲಿ ಹೇಳುವ ನಮ್ಮ ಗೃಹಸ್ಥರು ಅಕ್ಕತಂಗಿಯರ ಪಾಲಿನ ಮಾತು ಬಂದಾಗ ಮೌನ ವಹಿಸುವುದನ್ನು ನಾವು ಅನೇಕ ಕಡೆ ನೋಡಿದ್ದೇವೆ. ಕಟುವೆನಿಸಿದರೂ ಹೇಳದೆ ವಿಧಿಯಿಲ್ಲ.

ಸೋದರರ ಪಕ್ಷದಲ್ಲಿಯೂ ನ್ಯಾಯವಿಲ್ಲವೆಂದಲ್ಲ. ಜಗಳೂರಿನ ಒಣಹೊಲವನ್ನು ನಂಬಿ ಊರಿನಲ್ಲಿಯೇ ಉಳಿದವನು, ಕೊಳವೆಬಾವಿಗಳನ್ನು ಕೊರೆಸಿ ಸಾಲಗಾರನಾದವನು, ಮುಪ್ಪಿನ ತಂದೆತಾಯಿಯರ ಮಲಮೂತ್ರ ತೆಗೆದವನು ಅವನೇ. "ಆಗ ಬಾರದವಳು ಈಗ ಬಂದಳೇ?" ಎಂಬ ಅವನ ನೋವು ಸುಳ್ಳಲ್ಲ. ಆದರೆ ಕಾಯಿದೆಯು ಹಕ್ಕಿನೊಡನೆ ಹೊಣೆಯನ್ನೂ ಹೊರಿಸಿದೆ. ಆಸ್ತಿಯ ಮೇಲಿನ ಋಣಭಾರಗಳಲ್ಲಿ ಸಹದಾಯಾದಿಯಾದ ಮಗಳಿಗೂ ಮಗನಷ್ಟೇ ಬಾಧ್ಯತೆಯುಂಟು. ತಂದೆತಾಯಿಯರ ಪೋಷಣೆಗೆ ಸಂಬಂಧಿಸಿದ ೨೦೦೭ರ ಕಾಯಿದೆಯು 'ಮಕ್ಕಳು' ಎಂಬ ಪದದಲ್ಲಿ ಮಗಳನ್ನೂ ಸೇರಿಸಿದೆ. ಲೆಕ್ಕವನ್ನು ಮುಂದಿಟ್ಟು, ಸಾಲವನ್ನು ಕಳೆದು, ಕೊಳವೆಬಾವಿಯ ಖರ್ಚನ್ನು ಹಿಡಿದು ಮಾತನಾಡಲು ಅವನಿಗೆ ಯಾವ ಅಡ್ಡಿಯೂ ಇಲ್ಲ. ಲೆಕ್ಕವನ್ನೇ ತೋರಿಸದೆ ಸಹಿ ಕೇಳುವುದು ಮಾತ್ರ ಸಲ್ಲದು.

"ಮದುವೆಗೆ ಬಂಗಾರ, ವರೋಪಚಾರ ಎಲ್ಲ ಕೊಟ್ಟಿದ್ದೇವಲ್ಲ, ಅದೇ ಅವಳ ಪಾಲು" ಎಂಬ ವಾದ ನ್ಯಾಮತಿಯ ಪುಟದಲ್ಲಿದೆ. ವಿಜ್ಞಾನೇಶ್ವರನ ಉತ್ತರವನ್ನು ಮೇಲೆಯೇ ಹೇಳಿದ್ದೇವೆ. ಇಂದಿನ ಕಾಯಿದೆಯ ಉತ್ತರ ಇನ್ನೂ ತೀಕ್ಷ್ಣವಾದುದು: ೧೯೬೧ರ ವರದಕ್ಷಿಣೆ ನಿಷೇಧ ಕಾಯಿದೆಯಂತೆ ವರದಕ್ಷಿಣೆ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಅದನ್ನು ನ್ಯಾಯಾಲಯದಲ್ಲಿ ಪಾಲೆಂದು ವಾದಿಸಹೊರಟವನು ತನ್ನ ಅಪರಾಧವನ್ನು ತಾನೇ ಬರೆದುಕೊಟ್ಟಂತೆ.

ಇನ್ನೊಂದು ಭಯ, ನೆಲವು ಪರರ ಪಾಲಾದೀತೆಂಬುದು. "ಅವಳಿಗೆ ಕೊಟ್ಟರೆ ಅಳಿಯ ಮಾರಿಕೊಳ್ಳುತ್ತಾನೆ, ಯಾರೋ ಅಪರಿಚಿತ ಬಂದು ನಮ್ಮ ತೋಟದ ನಡುವೆ ಬೇಲಿ ಹಾಕುತ್ತಾನೆ." ಈ ಭಯಕ್ಕೆ ಕಾಯಿದೆಯಲ್ಲಿಯೇ ಪರಿಹಾರವಿರುವುದು ಅನೇಕರಿಗೆ ತಿಳಿಯದು. ತಂದೆಯಿಂದ ಉತ್ತರಾಧಿಕಾರವಾಗಿ ಬಂದ ಸ್ಥಿರಾಸ್ತಿಯಲ್ಲಿನ ತನ್ನ ಹಿತವನ್ನು ಒಬ್ಬ ವಾರಸುದಾರ ಮಾರಹೊರಟರೆ, ಅದನ್ನು ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗೆ ಇದೆಯೆಂದು ೨೨ನೆಯ ಕಲಮು ಹೇಳುತ್ತದೆ. ಈ ನಿಯಮವು ಕೃಷಿಭೂಮಿಗೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ತೀರ್ಪಿತ್ತಿದೆ. ಬೆಲೆಯಲ್ಲಿ ಒಮ್ಮತ ಬಾರದಿದ್ದರೆ ನ್ಯಾಯಾಲಯವೇ ಬೆಲೆ ಕಟ್ಟುತ್ತದೆ. ಮತ್ತೊಂದು: ತಂದೆತಾಯಿಯರಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿಯನ್ನು ಉಳಿಸಿಕೊಂಡು, ಉಯಿಲು ಬರೆಯದೆ, ಮಕ್ಕಳು-ಮೊಮ್ಮಕ್ಕಳಿಲ್ಲದೆ ಹೆಣ್ಣುಮಗಳು ತೀರಿಕೊಂಡರೆ, ಆ ಆಸ್ತಿಯು ಗಂಡನಿಗೆ ಹೋಗದೆ ಆಕೆಯ ತಂದೆಯ ವಾರಸುದಾರರಿಗೆ ಮರಳುತ್ತದೆ. ಇದು ೧೫ನೆಯ ಕಲಮು. ತವರಿನ ನೆಲಕ್ಕೆ ತವರಿನ ನಂಟು ಉಳಿಯಲೆಂಬುದು ಶಾಸನಕರ್ತರಿಗೂ ಹೊಳೆದಿತ್ತೆಂಬುದನ್ನು ಇದರಿಂದ ತಿಳಿಯಬಹುದು.

ಹಕ್ಕು ಬಿಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ತಾನು ಸ್ಥಿತಿವಂತಳಾಗಿದ್ದು, ತಮ್ಮ ಬಡವನಾಗಿದ್ದು, ತಿಳಿದೇ ಬಿಟ್ಟುಕೊಟ್ಟ ಅಕ್ಕಂದಿರನ್ನು ನಾವು ಬಲ್ಲೆವು. ಅಂಥವರ ದಾಸೋಹಬುದ್ಧಿಗೆ ಶರಣು. ಆದರೆ ದಾನವು ದಾನವಾಗಬೇಕಾದರೆ ಕೊಡುವವಳಿಗೆ ತಾನು ಏನನ್ನು ಕೊಡುತ್ತಿದ್ದೇನೆಂಬುದು ಗೊತ್ತಿರಬೇಕು. ಬಿಡುಗಡೆ ಪತ್ರಗಳಲ್ಲಿ 'ಅರಿಶಿನ-ಕುಂಕುಮಕ್ಕಾಗಿ' ಇಷ್ಟು ಹಣ ಪಡೆದಿದ್ದೇನೆ ಎಂದು ಬರೆಸುವ ರೂಢಿಯಿದೆ. ಲಕ್ಷಗಟ್ಟಲೆ ಬೆಲೆಯ ತೋಟಕ್ಕೆ ಕೆಲವು ಸಾವಿರ ರೂಪಾಯಿಯ ಅರಿಶಿನ-ಕುಂಕುಮ! ಆ ಮಂಗಳದ್ರವ್ಯಗಳ ಹೆಸರನ್ನು ಇಂಥ ವ್ಯವಹಾರಕ್ಕೆ ಎಳೆದು ತಂದವರು ಯಾರೋ.

ಸಹಿಯ ವಿಧಿವಿಧಾನವನ್ನೂ ತಿಳಿದಿರುವುದು ಒಳ್ಳೆಯದು. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕನ್ನು ಬಿಡುವ ಪತ್ರವು ೧೯೦೮ರ ನೋಂದಣಿ ಕಾಯಿದೆಯಂತೆ ನೋಂದಣಿಯಾಗಲೇಬೇಕು. ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮೊಹರು ಹಾಕಿಸಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ತಂದೆ ಬದುಕಿರುವಾಗಲೇ ಆತನ ಸ್ವಯಾರ್ಜಿತದಲ್ಲಿ "ಮುಂದೆ ಬರಬಹುದಾದ ನನ್ನ ಹಕ್ಕನ್ನು ಬಿಟ್ಟಿದ್ದೇನೆ" ಎಂದು ಬರೆಸಿಕೊಂಡ ಪತ್ರಕ್ಕೂ ಸಾಮಾನ್ಯವಾಗಿ ಬೆಲೆಯಿಲ್ಲ. ಇನ್ನೂ ಹುಟ್ಟದ ಹಕ್ಕನ್ನು ಬಿಡುವುದೆಂತು? ಅದಕ್ಕಾಗಿ ಹಣ ಪಡೆದಿದ್ದರೆ ಮಾತ್ರ ಪ್ರಶ್ನೆ ಜಟಿಲವಾಗುತ್ತದೆ. ಉಪನೋಂದಣಾಧಿಕಾರಿಯ ಮುಂದೆ ನಿಂತಾಗ, ಬರೆದುಕೊಟ್ಟವಳು ನೀನೇ ಹೌದೇ, ಸಹಿ ನಿನ್ನದೇ ಎಂದು ಕೇಳುತ್ತಾರೆ. ಆ ಒಪ್ಪಂದ ನ್ಯಾಯವೇ, ಪಾಲಿನ ಬೆಲೆ ಎಷ್ಟು ಎಂದು ಕೇಳುವುದು ಅವರ ಕೆಲಸವಲ್ಲ. ಆದುದರಿಂದ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಪತ್ರವನ್ನು ಪೂರ್ತಿ ಓದಬೇಕು, ಓದಲು ಬಾರದಿದ್ದರೆ ತನ್ನ ಕಡೆಯವರೊಬ್ಬರಿಂದ ಓದಿಸಬೇಕು. ಷೆಡ್ಯೂಲಿನಲ್ಲಿ ಯಾವ ಯಾವ ಸರ್ವೆ ನಂಬರುಗಳಿವೆಯೆಂಬುದನ್ನು ವಿಶೇಷವಾಗಿ ನೋಡಬೇಕು. ಒಂದು ಹೊಲಕ್ಕೆಂದು ಕರೆತಂದು ಎಲ್ಲ ಹೊಲಗಳನ್ನೂ ಸೇರಿಸಿದ ಉದಾಹರಣೆಯೂ ಪುಸ್ತಕದಲ್ಲಿದೆ.

ಮೋಸದಿಂದಲೋ ಒತ್ತಾಯದಿಂದಲೋ ಪಡೆದ ಪತ್ರವನ್ನು ರದ್ದುಪಡಿಸಲು ದಾವೆ ಹೂಡಬಹುದು. ಆದರೆ ಮೋಸವು ತಿಳಿದಂದಿನಿಂದ ೩ ವರ್ಷಗಳೊಳಗೆ. ಪತ್ರವನ್ನೇ ಬರೆಯದೆ, ಪಾಲಿನಿಂದ ಹೊರಗಿಟ್ಟಿದ್ದಾರೆಂದು ತಿಳಿದವಳಿಗೆ ೧೨ ವರ್ಷಗಳ ಅವಕಾಶವಿದೆ. ಈ ಎರಡು ಅವಧಿಗಳ ನಡುವಿನ ಅಂತರವನ್ನು ಗಮನಿಸಬೇಕು. ಸಹಿ ಹಾಕದವಳಿಗೆ ಕಾಲ ಉದ್ದ, ಸಹಿ ಹಾಕಿದವಳಿಗೆ ಕಾಲ ಗಿಡ್ಡ. ಇನ್ನು ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಖಾತೆ ಮಾಡಿಸಿಕೊಂಡವರು ತಾವು ಗೆದ್ದೆವೆಂದು ತಿಳಿದಿರುತ್ತಾರೆ. ಪಹಣಿಯ ಹೆಸರು ಒಡೆತನವನ್ನು ಹುಟ್ಟಿಸುವುದಿಲ್ಲ. ಅದು ಸರಿಯೆಂದು ಸದ್ಯಕ್ಕೆ ಭಾವಿಸಲಾಗುತ್ತದೆ, ಅಷ್ಟೇ. ಸಿವಿಲ್ ನ್ಯಾಯಾಲಯವು ಪಾಲನ್ನು ತೀರ್ಮಾನಿಸಿದಾಗ ಪಹಣಿಯೂ ಅದರಂತೆ ತಿದ್ದಲ್ಪಡಬೇಕು.

ನ್ಯಾಯಾಲಯಕ್ಕೆ ಹೋಗದೆ ಬಗೆಹರಿಸಿಕೊಳ್ಳುವ ಸಂಪ್ರದಾಯ ನಮ್ಮ ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಸೋಮವಾರಗಳಂದು ಹೋಗಿ ದಾಯಾದಿ ಜಗಳ ಮುಗಿಸಿಕೊಂಡು ಬಂದ ಕುಟುಂಬಗಳು ಈ ತಾಲ್ಲೂಕುಗಳಲ್ಲಿ ಬಹಳ. ಸಂಧಾನವು ಎಂದಿಗೂ ವ್ಯಾಜ್ಯಕ್ಕಿಂತ ಮೇಲು. ಎಲ್ಲಿ ಸಂಧಾನ ನಡೆದರೂ ನಮ್ಮ ಬಿನ್ನಹ ಎರಡೇ: ಪಾಲಿನ ಮಾತು ನಡೆಯುವಾಗ ಹೆಣ್ಣುಮಗಳೂ ಆ ಕೋಣೆಯಲ್ಲಿರಬೇಕು, ಅಳಿಯನು ಅವಳ ಪರವಾಗಿ ತಲೆಯಾಡಿಸಿದರೆ ಸಾಲದು, ಮತ್ತು ಒಪ್ಪಂದವಾದ ಮೇಲೆ ಅದನ್ನು ನೋಂದಾಯಿಸಬೇಕು. ದಾವೆಯು ಈಗಾಗಲೇ ನ್ಯಾಯಾಲಯದಲ್ಲಿದ್ದರೆ ಲೋಕ ಅದಾಲತ್ತಿನ ಮುಂದೆ ಒಪ್ಪಂದ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಮಾನಕ್ಕೆ ಸಿವಿ‍ಲ್ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂದಿರುಗುತ್ತದೆ.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಿರುವ ತಾಯಂದಿರಿಗೆ ಒಂದು ಮಾತು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ೧೨ನೆಯ ಕಲಮಿನಂತೆ, ಆದಾಯ ಎಷ್ಟೇ ಇರಲಿ, ಹೆಣ್ಣಾದವಳಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು. ದೂರವಾಣಿಯಲ್ಲಿ ೧೫೧೦೦ಕ್ಕೆ ಕರೆ ಮಾಡಿದರೂ ಮಾರ್ಗದರ್ಶನ ಸಿಗುತ್ತದೆ. ವಿದ್ಯಾರ್ಥಿನಿಯು ಈ ಸಂಖ್ಯೆಯನ್ನು ಪುಸ್ತಕದ ರಕ್ಷಾಪುಟದ ಮೇಲೆ ದೊಡ್ಡದಾಗಿ ಬರೆದುಕೊಂಡಿದ್ದಾಳೆ. ನಮ್ಮ ಓದುಗರು ಮನೆಯ ಪಂಚಾಂಗದ ಮೇಲೆ ಬರೆದಿಟ್ಟುಕೊಳ್ಳಬಹುದು.

ಉಯಿಲಿನ ಬಗೆಗೂ ಅವಳ ಪುಸ್ತಕದಲ್ಲಿ ಏಳೆಂಟು ಪ್ರಶ್ನೆಗಳಿವೆ. ಅವಿಭಕ್ತ ಆಸ್ತಿಯಲ್ಲಿ ತಂದೆಯು ತನ್ನ ಪಾಲನ್ನಷ್ಟೇ ಉಯಿಲಿನಲ್ಲಿ ಬರೆಯಬಹುದೋ ಎಲ್ಲವನ್ನೂ ಬರೆಯಬಹುದೋ, ಸಾಕ್ಷಿಗಳು ಎಷ್ಟು ಮಂದಿ ಬೇಕು, ಇತ್ಯಾದಿ. ಅವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟುಕೊಂಡಿದ್ದೇವೆ.